ತಾರಸಿ ರೈಲಿಗೆ ಒಂದು ಮೀಟರ್ ಗೇಜ್ ಗೂಡ್ಸ್ ಡಬ್ಬಿ

ದೊಡ್ಡ ಅಳತೆಯ ಮಾದರಿ ರೈಲು ಇಟ್ಟುಕೊಂಡವರಿಗೆ ನಾನು ಮೊದಲು ಹೇಳುವುದು ಇದನ್ನೇ: ನಮ್ಮ ದೇಶದ ಡಬ್ಬಿ ಕಟ್ಟುವುದಾದರೆ ಮೀಟರ್ ಗೇಜ್ ಡಬ್ಬಿ ಕಟ್ಟಿ. ಕಾರಣ ಲೆಕ್ಕದಲ್ಲೇ ಇದೆ. ಈ ದೊಡ್ಡ ಅಳತೆಗೆ ಜಿ ಸ್ಕೇಲ್ ಅನ್ನುತ್ತಾರೆ, ಅದರ ಎರಡು ಹಳಿಗಳ ನಡುವಿನ ಅಗಲ 45 ಮಿ.ಮೀ. ಜರ್ಮನಿಯ ಎಲ್‌ಜಿಬಿ ಕಂಪನಿ 1968ರಲ್ಲಿ ಈ ಹಳಿಯ ಮೇಲೆ 1:22.5 ಅಳತೆಯ ಗಾಡಿಗಳನ್ನು ತಂದಿತು. 45ನ್ನು 22.5ರಿಂದ ಗುಣಿಸಿ ನೋಡಿ. ಸಾವಿರದ ಚಿಲ್ಲರೆ ಮಿ.ಮೀ. ಬರುತ್ತದೆ. ಅಂದರೆ ಒಂದು ಮೀಟರ್. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಅದನ್ನು ಇದೇ ಹಳಿಗೆ ಸರಿಯಾಗಿ ಕೂರಿಸಬೇಕಾದರೆ ಅಳತೆಯನ್ನು ಸುಮಾರು 1:37ಕ್ಕೆ ಇಳಿಸಬೇಕು. ಆಗ ಅಂಗಡಿಯಲ್ಲಿ ಸಿಗುವ ಯಾವ ಸಾಮಾನೂ ಹೊಂದುವುದಿಲ್ಲ.

ಪುಣೆಯಲ್ಲಿರುವ ನಮ್ಮಂಥ ಕನ್ನಡದವರಿಗೆ ಇನ್ನೊಂದು ಕಾರಣವೂ ಇದೆ. ಪುಣೆಯಿಂದ ಮೀರಜ್, ಬೆಳಗಾವಿ, ಲೋಂಡಾ, ಹುಬ್ಬಳ್ಳಿ ದಾಟಿ ಬೆಂಗಳೂರಿಗೆ ಹೋಗುತ್ತಿದ್ದ ಹಳೆಯ ದಾರಿ ಮೀಟರ್ ಗೇಜೇ. ಅದರ ಬಹುಭಾಗವನ್ನು ಹಾಕಿದ್ದು ಸದರ್ನ್ ಮರಾಠಾ ರೈಲ್ವೆ. 1908ರಲ್ಲಿ ಅದು ಮದ್ರಾಸ್ ರೈಲ್ವೆ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ (ಎಂ.ಎಸ್.ಎಂ.) ಆಯಿತು. 1951ರಲ್ಲಿ ದಕ್ಷಿಣ ರೈಲ್ವೆಯೊಳಗೆ ಬಂತು. ಹುಬ್ಬಳ್ಳಿ, ಗದಗದ ಹತ್ತಿ ಹೊತ್ತು ಮುರ್ಮಗೋವಾ ಬಂದರಿಗೆ ಹೋಗುತ್ತಿದ್ದುದು ಈ ಸಣ್ಣ ಗೂಡ್ಸ್ ಡಬ್ಬಿಗಳೇ. ಇಂಥದ್ದು ರೆಡಿಮೇಡ್ ಸಿಗುವುದಿಲ್ಲ. ಸಿಗುವುದೆಲ್ಲ ಜರ್ಮನಿ, ಅಮೆರಿಕದ ಮಾದರಿ. ಅದಕ್ಕೇ ನಾಲ್ಕು ಗಾಲಿಯ ಮುಚ್ಚಿದ ಡಬ್ಬಿಯೊಂದನ್ನು ನಾನೇ ಕಟ್ಟಿದೆ.

ನನ್ನ ಹತ್ತಿರ ನಕ್ಷೆ ಇರಲಿಲ್ಲ. ಹಳೆಯ ಫೋಟೋಗಳಿಂದಲೇ ಅಳತೆ ತೆಗೆದೆ. ಇದಕ್ಕೊಂದು ಸುಲಭ ದಾರಿ ಇದೆ. ಡಬ್ಬಿಯ ತುದಿಯನ್ನು ನೇರವಾಗಿ ತೆಗೆದ ಒಂದು ಫೋಟೋ ಹುಡುಕಿ. ಎರಡು ಗಾಲಿಗಳ ಕೆಳಗೆ ಹಳಿ ಕಾಣಬೇಕು. ಹಳಿಯ ಅಗಲ ಒಂದು ಮೀಟರ್ ಅಂತ ಗೊತ್ತೇ ಇದೆಯಲ್ಲ, ಅದರಿಂದ ಡಬ್ಬಿಯ ಅಗಲ, ಎತ್ತರ ಎರಡೂ ಸಿಗುತ್ತವೆ. ಆಮೇಲೆ ಪಕ್ಕದಿಂದ ತೆಗೆದ ಫೋಟೋದಲ್ಲಿ ಆ ಎತ್ತರವನ್ನೇ ಗಜಕೋಲು ಮಾಡಿಕೊಂಡರೆ ಉದ್ದ ಬರುತ್ತದೆ. 1:22.5ರಲ್ಲಿ ಒಂದು ಅಡಿ ಅಂದರೆ ಸುಮಾರು 13.5 ಮಿ.ಮೀ. ಓರೆಯಾಗಿ ತೆಗೆದ ಫೋಟೋ ಎಷ್ಟೇ ಚೆನ್ನಾಗಿದ್ದರೂ ಅಳತೆಗೆ ಬೇಡ. ಬಾಗಿಲು, ಬ್ರೇಕಿನ ಸನ್ನೆಕೋಲು, ಚಿಲಕ ನೋಡಿಕೊಳ್ಳಲು ಇಟ್ಟುಕೊಳ್ಳಿ.

ಎಲ್ಲರೂ ಮೊದಲು ಡಬ್ಬಿಯ ಮೈ ಕಟ್ಟುತ್ತಾರೆ. ನಾನು ಮೊದಲು ಅಡಿಗಟ್ಟು, ಅಂದರೆ ಗಾಲಿ ಕೂರುವ ಕೆಳಗಿನ ಚೌಕಟ್ಟು ಮಾಡುತ್ತೇನೆ. ಅದು ಹಳಿ ಮೇಲೆ ಸರಿಯಾಗಿ ಓಡುವ ತನಕ ಮೈ ಮುಟ್ಟುವುದಿಲ್ಲ.

ಗಾಲಿ ಮಾತ್ರ ಕೊಂಡದ್ದು. ಸುಮಾರು 30 ಮಿ.ಮೀ. ವ್ಯಾಸದ ಲೋಹದ ಗಾಲಿ, ಜೋಡಿಯ ಎರಡು ಗಾಲಿಗಳ ಒಳಮುಖಗಳ ನಡುವಿನ ಅಂತರ 40 ಮಿ.ಮೀ. ಅಡಿಗಟ್ಟಿಗೆ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ನಿಂದ ಸಾಗವಾನಿ ತುಂಡು ತಂದೆ. ಮರವನ್ನೇ ಆರಿಸಿದ್ದಕ್ಕೆ ಕಾರಣ ಕರೆಂಟು. ಈ ಗಾಡಿಗಳಿಗೆ ಕರೆಂಟು ಬರುವುದು ಹಳಿಯಿಂದ. ಗಾಲಿ ಜೋಡಿಯಲ್ಲಿ ಎಷ್ಟೋ ಸಲ ಒಂದೇ ಕಡೆ ಇನ್ಸುಲೇಷನ್ ಇರುತ್ತದೆ. ಅಡಿಗಟ್ಟು ಹಿತ್ತಾಳೆಯದಾಗಿ, ಎರಡು ಜೋಡಿ ಗಾಲಿ ಉಲ್ಟಾ ಮುಖವಾಗಿ ಕೂತರೆ ಶಾರ್ಟ್ ಆಗುತ್ತದೆ. ಮರವಾದರೆ ಆ ತಲೆನೋವೇ ಇಲ್ಲ. ಮನೆಗೆ ಕೆಲಸಕ್ಕೆ ಬರುವ ಬಡಿಗೇರರು ವಿಜಯಪುರ ಕಡೆಯವರು. ಜೋಡಣೆ ನೋಡಿ, “ಸರ್ರ, ಬರೇ ಫೆವಿಕಾಲ್ ನಿಲ್ಲಂಗಿಲ್ರಿ. ಬಿಸಿಲಿಗಿ ಬಿಡ್ತೈತಿ. ಸಣ್ಣ ಸ್ಕ್ರೂ ಹಾಕ್ರಿ” ಅಂದರು. ಹಾಕಿದೆ. ಏಪ್ರಿಲ್ ಬಿಸಿಲಲ್ಲೂ ಅಲುಗಿಲ್ಲ.

ಇನ್ನು ಮುಖ್ಯ ವಿಷಯ. ತಾರಸಿಯ ಹಳಿ ಎಂದೂ ಪೂರ್ತಿ ಮಟ್ಟವಾಗಿರುವುದಿಲ್ಲ. ನೀರು ಹರಿಯಲೆಂದೇ ತಾರಸಿಗೆ ಇಳಿಜಾರು ಕೊಟ್ಟಿರುತ್ತಾರೆ. ನಾಲ್ಕೂ ಗಾಲಿ ಬಿಗಿಯಾಗಿ ಕೂತ ಡಬ್ಬಿಯಲ್ಲಿ ಹಳಿ ಸ್ವಲ್ಪ ತಿರುಚಿದರೂ ಒಂದು ಗಾಲಿ ಮೇಲೆದ್ದು ಹಳಿ ತಪ್ಪುತ್ತದೆ. ಮೂರು ಕಾಲಿನ ಸ್ಟೂಲು ಎಂಥ ನೆಲದ ಮೇಲೂ ಕುಂಟುವುದಿಲ್ಲ ಅಲ್ವಾ? ಇಲ್ಲೂ ಅದೇ ಉಪಾಯ. ಒಂದು ಆಕ್ಸಲನ್ನು (ಎರಡು ಗಾಲಿ ಸೇರಿಸುವ ಕಂಬಿ) ಅಡಿಗಟ್ಟಿಗೆ ಬಿಗಿ ಮಾಡಿದೆ. ಇನ್ನೊಂದನ್ನು ‘ಯು’ ಆಕಾರದ ಹಿತ್ತಾಳೆ ಪಟ್ಟಿಯಲ್ಲಿ ಕೂರಿಸಿ, ಆ ಪಟ್ಟಿಯನ್ನು ನಡುವೆ ಒಂದೇ ಬೋಲ್ಟಿಗೆ ತೂಗುಹಾಕಿದೆ. ಬೋಲ್ಟು ಡಬ್ಬಿಯ ಉದ್ದಕ್ಕೆ ಮಲಗಿರಬೇಕು. ಆಗ ಆ ಆಕ್ಸಲ್ ಎಡಕ್ಕೂ ಬಲಕ್ಕೂ ಓಲಾಡಿ ಹಳಿಯನ್ನು ಹುಡುಕಿಕೊಳ್ಳುತ್ತದೆ. ಒಂದೆರಡು ಮಿ.ಮೀ. ಓಲಾಟ ಸಾಕು. ಪಟ್ಟಿ, ಬೋಲ್ಟು ಎಲ್ಲ ರವಿವಾರ ಪೇಠೆಯ ಬೋಹ್ರಿ ಆಳಿಯಲ್ಲಿ ಸಿಕ್ಕವು.

ಭಾರವೂ ಕೆಳಗೇ ಇರಬೇಕು. ಎರಡು ಆಕ್ಸಲ್‌ಗಳ ನಡುವೆ, ನೆಲಹಲಗೆಯ ಅಡಿಗೆ ಕಬ್ಬಿಣದ ಪಟ್ಟಿ ಬಿಗಿದೆ. ಮೈಯೊಳಗೆ ಭಾರ ತುಂಬಿದರೆ ತಿರುವಿನಲ್ಲಿ ಡಬ್ಬಿ ಮಗುಚುತ್ತದೆ.

ಮೈಗೆ ಪ್ಲಾಸ್ಟಿಕ್ ಬಿಟ್ಟು ತೆಳ್ಳನೆಯ ಅಲ್ಯೂಮಿನಿಯಂ ತಗಡು ಬಳಸಿದೆ. ಸನ್‌ಬೋರ್ಡ್ ಎಂಬ ಪ್ಲಾಸ್ಟಿಕ್ ಹಲಗೆ ಕತ್ತರಿಸಲು ಸುಲಭ, ಆದರೆ ಬಿಸಿಲಲ್ಲಿ ಸೊಟ್ಟಗಾಗುತ್ತದೆ. ಒಳಗೆ ತೆಳು ಪ್ಲೈವುಡ್ ಪೆಟ್ಟಿಗೆ, ಹೊರಗೆ ತಗಡು. ರಿವೆಟ್ ಸಾಲಿಗೆ ದರ್ಜಿಯವರ ಟ್ರೇಸಿಂಗ್ ಚಕ್ರ ಬಹಳ ಒಳ್ಳೆಯದು. ತಗಡನ್ನು ಹಿಂಬದಿ ಮೇಲಾಗಿ ರಟ್ಟಿನ ಮೇಲಿಟ್ಟು, ಸ್ಟೀಲ್ ಸ್ಕೇಲ್ ಹಿಡಿದು ಚಕ್ರವನ್ನು ಒಂದೇ ಸಲ ಎಳೆಯಬೇಕು. ಮುಂಬದಿಯಲ್ಲಿ ಸಮಾನ ಅಂತರದ ಗುಬ್ಬಿಗಳು ಏಳುತ್ತವೆ. ಇದನ್ನು ನೋಡುವುದೇ ಒಂದು ಖುಷಿ. ಸುಮ್ನೆ ನಿಂತ ತಗಡು ಆಗ ರೈಲಿನ ಗೋಡೆಯಾಗಿಬಿಡುತ್ತದೆ. ಛಾವಣಿಗೆ ಅದೇ ತಗಡನ್ನು ಪೈಪಿನ ಮೇಲೆ ಬಾಗಿಸಿದೆ. ಅದರ ಸ್ಕ್ರೂ ತೂತುಗಳನ್ನು ಮಾತ್ರ ಉದ್ದುದ್ದ ಮಾಡಿ, ಬಿಸಿಲಿಗೆ ತಗಡು ಹಿಗ್ಗಲು ಜಾಗ ಬೇಕು.

ಆಕ್ಸಲ್ ತುದಿ ಕೂರುವ ಆಕ್ಸಲ್ ಬಾಕ್ಸ್ ಮತ್ತು ಪಟ್ಟಿ ಸ್ಪ್ರಿಂಗನ್ನು ಒಂದು ಸಲ ಮರದಲ್ಲಿ ಕೆತ್ತಿ, ಸಿಲಿಕೋನ್ ಅಚ್ಚು ತೆಗೆದು, ರೆಸಿನ್‌ನಲ್ಲಿ ನಾಲ್ಕು ಎರಕ ಹೊಯ್ದೆ. ನಾಲ್ಕೂ ಒಂದೇ ಥರ ಇದ್ದರೆ ಡಬ್ಬಿಗೆ ಒಂದು ಗಾಂಭೀರ್ಯ ಬರುತ್ತದೆ.

ಬಣ್ಣಕ್ಕೆ ದೂರ ಹೋಗಬೇಕಿಲ್ಲ. ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವ ರೆಡ್ ಆಕ್ಸೈಡ್ ಪ್ರೈಮರ್ ಹಳೆಯ ಗೂಡ್ಸ್ ಡಬ್ಬಿಯ ಬಣ್ಣಕ್ಕೆ ತುಂಬಾ ಹತ್ತಿರ. ಅಲ್ಯೂಮಿನಿಯಂ ಮೇಲೆ ನೇರ ಬಳಿದರೆ ಸುಲಿಯುತ್ತದೆ. ಮೊದಲು ಲೋಹವನ್ನು ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್‌ನ ಒಂದು ಕೋಟು ಬೇಕೇ ಬೇಕು. ಅಕ್ಷರಗಳಿಗೆ ನಂಬರ್ ಪ್ಲೇಟ್ ಬರೆಯುವ ರೇಡಿಯಂ ಅಂಗಡಿಯವರ ಹತ್ತಿರ ಸ್ಟೆನ್ಸಿಲ್ ಮಾಡಿಸಿಕೊಂಡೆ. ನಾನು ಆರಿಸಿಕೊಂಡದ್ದು 1951ರ ನಂತರದ, 1966ರ ಅಕ್ಟೋಬರ್‌ಗೆ ಮುಂಚಿನ ಕಾಲ. ಆ ಅಕ್ಟೋಬರ್‌ನಲ್ಲಿ ಹುಬ್ಬಳ್ಳಿ ವಿಭಾಗ ಹೊಸ ದಕ್ಷಿಣ ಮಧ್ಯ ರೈಲ್ವೆಗೆ ಹೋಯಿತು. ಅದಕ್ಕೇ ನನ್ನ ಡಬ್ಬಿಯ ಮೇಲೆ ದಕ್ಷಿಣ ರೈಲ್ವೆಯ ‘ಎಸ್‌ಆರ್’ ಇದೆ, ಕೆಳಗೆ ಮೀಟರ್ ಗೇಜಿನ ಮುಚ್ಚಿದ ಡಬ್ಬಿಯ ಗುರುತು ‘ಎಂಸಿ’.

ಕೊಂಡಿ ವಿಷಯದಲ್ಲಿ ಮಾತ್ರ ರಾಜಿ ಮಾಡಿಕೊಂಡೆ. ಮೀಟರ್ ಗೇಜಿನಲ್ಲಿ ಹಳೆಯ ಬ್ರಾಡ್ ಗೇಜ್ ಡಬ್ಬಿಗಳಂತೆ ಎರಡು ಬಫರ್ (ಡಬ್ಬಿಗಳು ಒಂದಕ್ಕೊಂದು ತಾಗುವ ಗುಂಡಿ) ಇಲ್ಲ, ನಡುವೆ ಒಂದೇ. ಒಂದು ತುದಿಗೆ ಹಾಗೇ ಮಾಡಿದೆ, ಅದು ನೋಡುವುದಕ್ಕೆ. ಇನ್ನೊಂದಕ್ಕೆ ಎಲ್‌ಜಿಬಿ ಕೊಕ್ಕೆಯನ್ನೇ ಇಟ್ಟೆ, ಉಳಿದ ಗಾಡಿಗಳ ಜೊತೆ ಸೇರಬೇಕಲ್ಲ. ಪರೀಕ್ಷೆಗೆ ಡಬ್ಬಿಯನ್ನು ಎಳೆಸಬೇಡಿ, ಎಂಜಿನ್‌ನಿಂದ ಹಿಂದಕ್ಕೆ ತಳ್ಳಿಸಿ. 600 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ ತಳ್ಳಿದಾಗಲೂ ಹಳಿ ಬಿಡದಿದ್ದರೆ ಅಡಿಗಟ್ಟು ಸರಿಯಾಗಿದೆ. ನನ್ನದು ಬಿಡಲಿಲ್ಲ. ಅದೇ ಅಚ್ಚು, ಅದೇ ಸ್ಟೆನ್ಸಿಲ್ ಇಟ್ಟುಕೊಂಡು ಈಗ ಎರಡನೆಯದಕ್ಕೆ ಸಾಗವಾನಿ ಕೊಯ್ಯುತ್ತಿದ್ದೇನೆ.