ಹೊಸ ಗೆಳೆಯರು, ಸಣ್ಣ ಬಜೆಟ್, ದಿಢೀರ್ ವೀಕೆಂಡ್: ನಾವು ದುಡ್ಡಿನ ಮಾತು ಮೊದಲು ಆಡಿದೆವು

ಹಳೇ ಗೆಳೆಯರ ಜೊತೆ ಹೋದರೆ ಲೆಕ್ಕ ಹೇಗೋ ನಡೆದುಹೋಗುತ್ತದೆ. ಈ ಸಲ ಅವನು ಜಾಸ್ತಿ ಹಾಕಿದ, ಮುಂದಿನ ಸಲ ನಾನು ಹಾಕುತ್ತೇನೆ, ಅಷ್ಟೇ. ಹೊಸಬರ ಜೊತೆ ಹಾಗಲ್ಲ. ಯಾರಿಗೆ ಎಷ್ಟು ಖರ್ಚು ಮಾಡೋಕೆ ಆಗುತ್ತೆ ಗೊತ್ತಿರಲ್ಲ, ಯಾರಿಗೆ ಯಾವುದು ದುಬಾರಿ ಅನಿಸುತ್ತೆ ಗೊತ್ತಿರಲ್ಲ, ಬಾಯಿಬಿಟ್ಟು ಕೇಳೋಣ ಅಂದರೆ ಮುಜುಗರ. ನಾವು ಐದು ಜನ ಒಂದು ಸಂಜೆ ಕ್ಲಾಸಿನಲ್ಲಿ ಪರಿಚಯವಾದವರು, ಇನ್ನೂ ಒಬ್ಬರನ್ನೊಬ್ಬರು ಬಹುವಚನದಲ್ಲೇ ಮಾತಾಡಿಸುತ್ತಿದ್ದೆವು. ಬುಧವಾರ ಮಾತಿಗೆ ಮಾತು ಬೆಳೆದು ‘ಈ ವೀಕೆಂಡ್ ಎಲ್ಲಾದರೂ ಹೋಗೋಣ್ವಾ’ ಅಂತ ಶುರುವಾಗಿದ್ದು, ಶುಕ್ರವಾರ ರಾತ್ರಿ ಬಸ್ ಹತ್ತುವಲ್ಲಿಗೆ ಬಂತು.

ಎಲ್ಲಿಗೆ ಅನ್ನುವ ಪ್ರಶ್ನೆಯನ್ನು ನಾವು ಕೊನೆಗೆ ಇಟ್ಟುಕೊಂಡೆವು. ಊರಿನ ಹೆಸರು ಮೊದಲು ಬಂದುಬಿಟ್ಟರೆ ಎಲ್ಲರೂ ಅದಕ್ಕೆ ಮನಸ್ಸು ಕೊಟ್ಟುಬಿಡುತ್ತಾರೆ. ಆಮೇಲೆ ‘ನನಗೆ ಅಷ್ಟು ಆಗಲ್ಲ’ ಅನ್ನುವವರು ಬಾಯಿ ಮುಚ್ಚಿಕೊಂಡು ಸಾಲ ಮಾಡಿ ಬರುತ್ತಾರೆ, ಇಲ್ಲಾ ಕೊನೇ ಗಳಿಗೆಯಲ್ಲಿ ‘ಮೈ ಹುಷಾರಿಲ್ಲ’ ಅನ್ನುತ್ತಾರೆ.

ಅದಕ್ಕೇ ಒಂದು ಉಪಾಯ ಮಾಡಿದೆವು. ಹೋಗಿ ಬರುವುದು, ಉಳಿಯುವುದು, ಊಟ, ಟಿಕೆಟ್ಟು ಎಲ್ಲಾ ಸೇರಿ ತಮ್ಮಿಂದ ಎಷ್ಟು ಸಾಧ್ಯ ಅಂತ ಪ್ರತಿಯೊಬ್ಬರೂ ನನಗೊಬ್ಬಳಿಗೇ ಮೆಸೇಜ್ ಮಾಡಬೇಕು, ಗ್ರೂಪಿನಲ್ಲಿ ಹಾಕುವ ಹಾಗಿಲ್ಲ. ಬಂದ ಅಂಕಿಗಳಲ್ಲಿ ಎಲ್ಲಕ್ಕಿಂತ ಕಡಿಮೆ ಯಾವುದೋ ಅದೇ ಎಲ್ಲರ ಮಿತಿ. ಅದನ್ನು ಮಾತ್ರ ಗ್ರೂಪಿಗೆ ಹೇಳಿದೆ, ಯಾರದ್ದು ಅಂತ ಹೇಳಲಿಲ್ಲ. ಸರಾಸರಿ ತೆಗೆಯೋಣ ಅಂತ ಒಬ್ಬ ಹೇಳಿದ. ಸರಾಸರಿ ತೆಗೆದರೆ ಕಡಿಮೆ ಇರುವವರಿಗೆ ಏನೂ ಉಪಯೋಗವಿಲ್ಲ, ಅವರ ಮಿತಿ ದಾಟಿಯೇ ಹೋಗುತ್ತದೆ. ಜಾಸ್ತಿ ಇರುವವರು ಬೇಕಾದರೆ ತಮ್ಮ ಪಾಡಿಗೆ ಏನಾದರೂ ಕೊಂಡುಕೊಳ್ಳಲಿ, ಯಾರು ಬೇಡ ಅಂದರು?

ಇನ್ನು ಊರು. ನಾವು ಊರನ್ನು ಹುಡುಕಲಿಲ್ಲ, ಭಾನುವಾರ ವಾಪಸ್ ಬರುವ ಸೀಟನ್ನು ಹುಡುಕಿದೆವು. ಹೋಗುವ ಟಿಕೆಟ್ ಹೇಗೋ ಸಿಗುತ್ತದೆ, ಭಾನುವಾರ ಸಂಜೆಯದ್ದೇ ಕಷ್ಟ. ವೀಕೆಂಡಿಗೆ ಹೋದವರೆಲ್ಲ ಅದೇ ಹೊತ್ತಿಗೆ ತಿರುಗುವುದರಿಂದ ಸೀಟು ಮೊದಲು ಖಾಲಿಯಾಗುವುದೂ ಆಗಲೇ, ದರ ಏರುವುದೂ ಆಗಲೇ. ಒಂದು ರಾತ್ರಿಯಲ್ಲಿ ತಲುಪಬಹುದಾದ ಊರುಗಳನ್ನು ಬರೆದುಕೊಂಡು, ಯಾವ ಊರಿಂದ ಭಾನುವಾರ ಮಧ್ಯಾಹ್ನವೋ ತಡರಾತ್ರಿಯೋ ಐದು ಸೀಟು ನಮ್ಮ ಮಿತಿಯೊಳಗೆ ಸಿಗುತ್ತದೆ ಅಂತ ನೋಡಿದೆವು. ಉಳಿದದ್ದು ಎರಡೇ ಊರು. ಅದರಲ್ಲಿ ಒಂದಕ್ಕೆ ಇಬ್ಬರು ಆಗಲೇ ಹೋಗಿಬಂದಿದ್ದರು, ಹಾಗಾಗಿ ಇನ್ನೊಂದು. ವಾದವೇ ನಡೆಯಲಿಲ್ಲ.

ರಾತ್ರಿ ಪ್ರಯಾಣ ಅಂದರೆ ಒಂದು ರಾತ್ರಿಯ ರೂಮಿನ ಬಾಡಿಗೆ ಉಳಿಯುತ್ತದೆ, ನಿಜ. ಆದರೆ ಎಷ್ಟು ಗಂಟೆಯ ದಾರಿ ಅಂತಲೂ ನೋಡಬೇಕು. ನಾಲ್ಕೇ ಗಂಟೆಯ ದಾರಿಗೆ ರಾತ್ರಿ ಬಸ್ ಹತ್ತಿದರೆ ಬೆಳಗಿನ ಜಾವ ಮೂರಕ್ಕೆ ಗೊತ್ತಿಲ್ಲದ ಊರಿನ ಬಸ್ ಸ್ಟ್ಯಾಂಡಿನಲ್ಲಿ ಕಣ್ಣುಜ್ಜಿಕೊಂಡು ನಿಲ್ಲಬೇಕಾಗುತ್ತದೆ. ಏಳೆಂಟು ಗಂಟೆಯದಾದರೆ ಸರಿ. ಆಗಲೂ ಚೆಕ್ ಇನ್ ಸಾಮಾನ್ಯವಾಗಿ ಮಧ್ಯಾಹ್ನವೇ. ಹಾಗಾಗಿ ರೂಮ್ ಬುಕ್ ಮಾಡುವ ಮೊದಲೇ ಫೋನ್ ಮಾಡಿ, ಬೆಳಿಗ್ಗೆಯೇ ಬ್ಯಾಗ್ ಇಡಬಹುದಾ, ಮುಖ ತೊಳೆಯಲು ಬಾತ್‌ರೂಮ್ ಬಳಸಬಹುದಾ, ಕೊನೇ ದಿನ ಖಾಲಿ ಮಾಡಿದ ಮೇಲೂ ಸಂಜೆವರೆಗೆ ಬ್ಯಾಗ್ ಇಟ್ಟುಕೊಳ್ಳುತ್ತೀರಾ ಅಂತ ಮೂರನ್ನೂ ಕೇಳಿದೆ. ಬಹಳಷ್ಟು ಹಾಸ್ಟೆಲ್‌ಗಳು ಒಪ್ಪುತ್ತವೆ. ಒಪ್ಪದಿದ್ದರೆ ಲಾಕರ್ ಬಾಡಿಗೆಯನ್ನೂ ರೂಮಿನ ಬಾಡಿಗೆಗೆ ಸೇರಿಸಿಯೇ ಹೋಲಿಸಬೇಕು.

ಉಳಿಯುವ ಜಾಗದ ವಿಷಯದಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಉಳಿತಾಯ ಆಗುವುದೂ ಕೈಬಿಟ್ಟು ಹೋಗುವುದೂ ಇಲ್ಲೇ. ಐದು ಜನ ಇದ್ದೀವಲ್ಲ, ಒಂದು ಇಡೀ ಫ್ಲಾಟ್ ತೆಗೆದುಕೊಂಡರೆ ತಲೆಗೆ ಕಡಿಮೆ ಬೀಳುತ್ತೆ ಅಂತ ಮೊದಲು ಅನಿಸುತ್ತದೆ. ವಾರ ಉಳಿಯುವವರಿಗೆ ಅದು ಸರಿ. ಒಂದೇ ರಾತ್ರಿಗಾದರೆ ಕ್ಲೀನಿಂಗ್ ಚಾರ್ಜು, ಸರ್ವಿಸ್ ಚಾರ್ಜು ಪೂರ್ತಿ ಆ ಒಂದು ರಾತ್ರಿಯ ಮೇಲೇ ಬೀಳುತ್ತವೆ. ಪರದೆಯ ಮೇಲೆ ಮೊದಲು ಕಾಣುವ ದರಕ್ಕೂ ಕೊನೆಗೆ ಕಟ್ಟುವ ದರಕ್ಕೂ ಸಂಬಂಧವೇ ಇರುವುದಿಲ್ಲ ಕೆಲವೊಮ್ಮೆ. ನಮ್ಮ ಲೆಕ್ಕದಲ್ಲಿ ಹಾಸ್ಟೆಲ್‌ನ ಡಾರ್ಮ್, ಅಂದರೆ ಹಲವರು ಒಟ್ಟಿಗೆ ಮಲಗುವ ಕೋಣೆಯ ಐದು ಹಾಸಿಗೆಗಳೇ ಗೆದ್ದವು. ಇನ್ನೊಂದು ಲಾಭವೂ ಇದೆ. ಹೊಸ ಪರಿಚಯದವರ ಜೊತೆ ಬೀಗ ಹಾಕಿದ ಒಂದು ಮನೆಯಲ್ಲಿ ಇರುವುದಕ್ಕಿಂತ ರಿಸೆಪ್ಶನ್, ಬೇರೆ ಜನ, ಬೇರೆ ಬೇರೆ ಹಾಸಿಗೆ, ಬೇರೆ ಬೇರೆ ಲಾಕರ್ ಇರುವ ಕಡೆ ಎಲ್ಲರಿಗೂ ನಿರಾಳ. ನಮ್ಮಲ್ಲಿ ಇಬ್ಬರು ಹೆಂಗಸರು ಮಹಿಳೆಯರ ಡಾರ್ಮ್ ತೆಗೆದುಕೊಂಡೆವು, ಯಾರಿಗೂ ಕಾರಣ ಹೇಳಬೇಕಾಗಿ ಬರಲಿಲ್ಲ. ಬೀಗ ಮತ್ತು ಇಯರ್‌ಪ್ಲಗ್ ಮನೆಯಿಂದಲೇ ಒಯ್ದೆ. ಗೊರಕೆ ಹೊಡೆಯುವವರು ಯಾರು ಅಂತ ಮುಂಚೆ ಗೊತ್ತಾಗಲ್ಲ ಅಲ್ವಾ?

ದೂರದ ಬಡಾವಣೆಯಲ್ಲಿ ಹಾಸಿಗೆ ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು. ನಾನು ಮೊದಲು ನೋಡಿದ್ದು ಆ ಕಡೆಗೆ ಕೊನೇ ಮೆಟ್ರೋ, ಕೊನೇ ಬಸ್ ಎಷ್ಟು ಹೊತ್ತಿಗೆ ಅಂತ. ಅದು ತಪ್ಪಿದರೆ ಟ್ಯಾಕ್ಸಿ, ಐದು ಜನ ಅಂದರೆ ಮಾಮೂಲಿ ಟ್ಯಾಕ್ಸಿಯಲ್ಲಿ ಹಿಡಿಸುವುದಿಲ್ಲ, ಎರಡು ಮಾಡಬೇಕು ಇಲ್ಲಾ ದೊಡ್ಡ ಗಾಡಿ ಕರೆಯಬೇಕು. ಒಂದು ರಾತ್ರಿ ಹೀಗಾದರೂ ಸಾಕು, ಹಾಸಿಗೆಯಲ್ಲಿ ಉಳಿಸಿದ್ದು ಹೋಯಿತು. ನಾಲ್ಕು ಜನ ಆಗಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ. ದಿಢೀರ್ ಟ್ರಿಪ್ಪಿಗೆ ನಾಲ್ಕೇ ಸರಿಯಾದ ಸಂಖ್ಯೆ ಅಂತ ನನ್ನ ಅಭಿಪ್ರಾಯ. ಆದರೆ ಐದನೆಯವರನ್ನು ಬಿಟ್ಟುಹೋಗುವುದಕ್ಕೆ ಆಗುತ್ತದಾ?

ಓಡಾಟಕ್ಕೆ ಡೇ ಪಾಸ್ ಕಂಡ ಕೂಡಲೇ ಕೊಳ್ಳುವ ಚಪಲ ಇರುತ್ತದೆ. ಪಾಸಿನ ದರವನ್ನು ಒಂದು ಸಲದ ಟಿಕೆಟ್ ದರದಿಂದ ಭಾಗಿಸಿದರೆ ಎಷ್ಟು ಸಲ ಹತ್ತಿದರೆ ಗಿಟ್ಟುತ್ತೆ ಅಂತ ತಿಳಿಯುತ್ತದೆ. ನಡೆದೇ ನೋಡುವಂಥ ಹಳೇ ಊರಾದರೆ ಅಷ್ಟು ಸಲ ಹತ್ತುವುದೇ ಇಲ್ಲ. ಪಾಸು ಹತ್ತಿದ ಹೊತ್ತಿನಿಂದ 24 ಗಂಟೆಯದೋ, ಅವತ್ತಿನ ಮಧ್ಯರಾತ್ರಿಗೆ ಮುಗಿಯುವುದೋ ಅಂತಲೂ ನೋಡಬೇಕು. ಶನಿವಾರ ಮಧ್ಯಾಹ್ನ ಶುರು ಮಾಡಿದ 24 ಗಂಟೆಯ ಪಾಸು ಭಾನುವಾರ ಬೆಳಿಗ್ಗೆಗೂ ಬರುತ್ತದೆ, ಇನ್ನೊಂದು ಬರುವುದಿಲ್ಲ. ಕೆಲವು ಕಡೆ ಪಾಸೇ ಬೇಡ. ಲಂಡನ್‌ನಲ್ಲಿ ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ತಟ್ಟುತ್ತಾ ಹೋದರೆ ದಿನದ ಗರಿಷ್ಠ ಮಿತಿ ಮುಟ್ಟಿದ ಮೇಲೆ ಅವತ್ತಿಗೆ ಹೆಚ್ಚು ಹಿಡಿಯುವುದಿಲ್ಲ. ಆದರೆ ಒಬ್ಬೊಬ್ಬರಿಗೂ ಬೇರೆ ಕಾರ್ಡ್ ಬೇಕು, ದಿನವಿಡೀ ಅದೇ ಕಾರ್ಡ್ ತಟ್ಟಬೇಕು. ಲಕ್ಸೆಂಬರ್ಗ್‌ನಲ್ಲಂತೂ 2020ರಿಂದ ಬಸ್ಸು, ಟ್ರಾಮು, ದೇಶದೊಳಗಿನ ರೈಲಿನ ಎರಡನೇ ದರ್ಜೆ ಎಲ್ಲರಿಗೂ ಉಚಿತ, ಪ್ರವಾಸಿಗಳಿಗೂ. ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್‌ನಲ್ಲಿ 2013ರಿಂದ ಉಚಿತ ಇದೆ, ಆದರೆ ಅಲ್ಲಿ ನೋಂದಾಯಿಸಿಕೊಂಡ ನಿವಾಸಿಗಳಿಗೆ ಮಾತ್ರ. ‘ಉಚಿತ’ ಅಂತ ಕಂಡರೆ ಯಾರಿಗೆ ಅಂತ ಇನ್ನೊಂದು ಸಾಲು ಓದುವುದು ಒಳ್ಳೆಯದು.

ಮ್ಯೂಸಿಯಂ, ಸ್ಮಾರಕಗಳದ್ದೂ ಅದೇ ಕಥೆ. ದಿಢೀರಂತ ಹೊರಟವರು ವಾರದ ರಜೆ ನೋಡುವುದೇ ಇಲ್ಲ. ತಾಜ್ ಮಹಲ್ ಶುಕ್ರವಾರ ಮುಚ್ಚಿರುತ್ತದೆ, ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸೋಮವಾರ, ಪ್ಯಾರಿಸ್‌ನ ಲೂವ್ರ್ ಮಂಗಳವಾರ. ವೀಕೆಂಡಿಗೆ ಒಂದು ದಿನ ರಜೆ ಅಂಟಿಸಿಕೊಂಡವರಿಗೆ ಇದು ಬೇಕೇ ಬೇಕು. ಬ್ರಿಟಿಷ್ ಮ್ಯೂಸಿಯಂನ ಕಾಯಂ ಸಂಗ್ರಹ ನೋಡಲು ದುಡ್ಡೇ ಬೇಡ. ಮ್ಯಾಡ್ರಿಡ್‌ನ ಪ್ರಾಡೋದಲ್ಲಿ ಮುಚ್ಚುವ ಮೊದಲಿನ ಎರಡು ಗಂಟೆ ಉಚಿತ. ನೀವು ಹೋಗುವ ಊರಿನಲ್ಲೂ ಇಂಥದ್ದೊಂದು ಇದೆಯಾ ಅಂತ ಬಸ್ಸಿನಲ್ಲಿ ಕೂತೇ ಹುಡುಕಬಹುದು. ನಮ್ಮಲ್ಲಿ ಆ ಕೆಲಸ ವಹಿಸಿಕೊಂಡವಳು ಎರಡು ಉಚಿತ ಜಾಗ, ದುಡ್ಡು ಕೊಟ್ಟು ನೋಡುವ ಒಂದೇ ಜಾಗ ಅಂತ ಆರಿಸಿದಳು. ಬೆಳಿಗ್ಗೆ ‘ಉಚಿತ’ ವಾಕಿಂಗ್ ಟೂರ್ ಒಂದಕ್ಕೂ ಸೇರಿಕೊಂಡೆವು. ಅಂಥ ಟೂರ್‌ಗಳಲ್ಲಿ ಗೈಡ್ ಬದುಕುವುದೇ ನಾವು ಕೊನೆಗೆ ಕೊಡುವ ದುಡ್ಡಿನಿಂದ, ಹಾಗಾಗಿ ಅದನ್ನು ಬಜೆಟ್ಟಿನಲ್ಲಿ ಮೊದಲೇ ತೆಗೆದಿಟ್ಟಿದ್ದೆವು. ಕೊನೆಯಲ್ಲಿ ಗುಂಪಿನ ಹಿಂದಕ್ಕೆ ಸರಿದು ಮಾಯವಾಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಈಗ ಲೆಕ್ಕ. ಹೊರಡುವಾಗಲೇ ಎಲ್ಲರೂ ಒಂದೇ ಮೊತ್ತವನ್ನು ಒಬ್ಬರ ಕೈಗೆ ಕೊಟ್ಟೆವು, ಅದೇ ನಮ್ಮ ಡಬ್ಬಿ. ಸಿಟಿ ಬಸ್ಸು, ಹಾಸಿಗೆ, ಎಲ್ಲರೂ ಹೋಗುವ ಜಾಗದ ಟಿಕೆಟ್, ಗೈಡ್‌ಗೆ ಕೊಡುವುದು ಎಲ್ಲಾ ಆ ಡಬ್ಬಿಯಿಂದ. ಊಟ ಮಾತ್ರ ಅವರವರದ್ದು. ಇದಕ್ಕೆ ಒಬ್ಬರಿಗೆ ಬೇಜಾರಾಯಿತು, ‘ಇದೇನು ಊಟದಲ್ಲೂ ಲೆಕ್ಕಾನಾ’ ಅಂದರು. ಆದರೆ ಒಬ್ಬರು ಕುಡಿಯುತ್ತಾರೆ, ಒಬ್ಬರು ಕುಡಿಯುವುದಿಲ್ಲ, ಒಬ್ಬರಿಗೆ ಮಧ್ಯಾಹ್ನ ಒಂದು ಹಣ್ಣು ಸಾಕು. ಬಿಲ್ ಸಮ ಭಾಗ ಮಾಡಿದರೆ ಕಡಿಮೆ ತಿಂದವರು ಬಾಯಿಬಿಡುವುದಿಲ್ಲ, ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಹೊಸ ಗೆಳೆತನ ಇಂಥದ್ದರಲ್ಲೇ ಸುಮ್ನೆ ಕೆಡುತ್ತದೆ.

ಡಬ್ಬಿಯ ಹೊರಗೆ ಯಾರಾದರೂ ಎಲ್ಲರ ಪರವಾಗಿ ಕೊಟ್ಟಿದ್ದರೆ ಅದನ್ನು ಆಗಲೇ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದೆವು. ಸ್ಪ್ಲಿಟ್‌ವೈಸ್ ಥರದ ಆ್ಯಪ್ ಇದನ್ನೇ ಮಾಡುತ್ತದೆ, ಒಂದು ಕಾಗದವೂ ಸಾಕು. ಐದು ಜನರಲ್ಲಿ ಇಬ್ಬಿಬ್ಬರ ನಡುವಿನ ಲೆಕ್ಕ ಹಿಡಿದರೆ ಹತ್ತು ಜೋಡಿ ಆಗುತ್ತದೆ, ತಲೆ ಕೆಡುತ್ತದೆ. ಹಾಗೆ ಮಾಡಬಾರದು. ಒಟ್ಟು ಖರ್ಚನ್ನು ಐದರಿಂದ ಭಾಗಿಸಿ, ಯಾರು ಅದಕ್ಕಿಂತ ಜಾಸ್ತಿ ಕೊಟ್ಟಿದ್ದಾರೆ, ಯಾರು ಕಡಿಮೆ ಅಂತ ಮಾತ್ರ ನೋಡಿದರೆ, ಹೆಚ್ಚೆಂದರೆ ನಾಲ್ಕು ಸಲ ದುಡ್ಡು ಕಳಿಸುವುದರಲ್ಲಿ ಎಲ್ಲಾ ಚುಕ್ತಾ.

ದುಡ್ಡಿನ ಹಾಗೇ ಹೊತ್ತಿನ ವಿಷಯವನ್ನೂ ಮೊದಲೇ ಮಾತಾಡಿದ್ದು ಒಳ್ಳೆಯದಾಯಿತು. ಶನಿವಾರ ಮಧ್ಯಾಹ್ನ ಮೂರರಿಂದ ಐದೂವರೆವರೆಗೆ ಯಾರೂ ಯಾರ ಜೊತೆಗೂ ಇರಬೇಕಾಗಿಲ್ಲ ಅಂತ ಮಾಡಿಕೊಂಡೆವು. ನಿದ್ದೆ ಮಾಡುವವರು ಮಾಡಿದರು, ಒಬ್ಬ ಒಂದೇ ಬೀದಿಯಲ್ಲಿ ಅಷ್ಟೂ ಹೊತ್ತು ಫೋಟೋ ತೆಗೆದ, ನಾನು ಲೈಬ್ರರಿಯಲ್ಲಿ ಕೂತಿದ್ದೆ. ಬಸ್ಸಿನಿಂದ ಇಳಿದ ಹೊತ್ತಿನಿಂದ ನಗುತ್ತಾ ಮಾತಾಡುತ್ತಾ ಇರುವುದು ಕೂಡ ಕೆಲಸವೇ. ಸಂಜೆ ಸೇರಿದಾಗ ಎಲ್ಲರಿಗೂ ಹೇಳಲು ಏನೋ ಇತ್ತು.

ಇನ್ನು, ಎಷ್ಟೇ ಒಳ್ಳೆಯವರಾದರೂ ಹೊಸಬರು ಹೊಸಬರೇ. ನನ್ನ ಟಿಕೆಟ್ಟು, ಐಡಿ, ಲಾಕರ್ ಕೀ ನನ್ನ ಹತ್ತಿರವೇ ಇತ್ತು. ಒಬ್ಬಳೇ ವಾಪಸ್ ಬರಬೇಕಾದರೆ ಬೇಕಾಗುವಷ್ಟು ದುಡ್ಡು ಬೇರೆ ಇಟ್ಟಿದ್ದೆ, ಅದು ಡಬ್ಬಿಗೂ ಸೇರಿಲ್ಲ, ಬಜೆಟ್ಟಿಗೂ ಸೇರಿಲ್ಲ. ಎಲ್ಲಿ ಉಳಿಯುತ್ತೇನೆ ಅಂತ ಮನೆಯಲ್ಲಿ ಬರೆದುಕೊಟ್ಟಿದ್ದೆ. ಊರಿನ ಮ್ಯಾಪ್ ಡೌನ್‌ಲೋಡ್ ಮಾಡಿಕೊಂಡಿದ್ದರಿಂದ ನೆಟ್‌ವರ್ಕ್ ಹೋದಾಗ ಯಾರನ್ನೋ ಹಿಂಬಾಲಿಸುವ ಪ್ರಮೇಯ ಬರಲಿಲ್ಲ. ಯಾರಿಗೆ ಯಾವ ಔಷಧಿ ಆಗಲ್ಲ, ಮನೆಯಲ್ಲಿ ಯಾರಿಗೆ ಫೋನ್ ಮಾಡಬೇಕು ಅನ್ನುವುದನ್ನು ಗ್ರೂಪಿನಲ್ಲಿ ಹಾಕಿಸಿದ್ದೆ. ಇದನ್ನು ಕೇಳಿದರೆ ಅನುಮಾನ ಅಂತ ಯಾರೂ ಅಂದುಕೊಳ್ಳಲಿಲ್ಲ. ‘ಒಳ್ಳೇದಾಯ್ತು, ನಾನೇ ಕೇಳಬೇಕು ಅಂದುಕೊಂಡಿದ್ದೆ’ ಅಂದರು ಒಬ್ಬರು.

ವಾಪಸ್ ಬರುವ ಬಸ್ಸಿನಲ್ಲೇ ಲೆಕ್ಕ ಮುಗಿಸಿದೆವು. ಮನೆಗೆ ಹೋದಮೇಲೆ ನೋಡೋಣ ಅಂದರೆ ಅದು ವಾರಗಟ್ಟಲೆ ಎಳೆಯುತ್ತದೆ, ನೆನಪಿಸುವವರೇ ಕೆಟ್ಟವರಾಗುತ್ತಾರೆ. ಡಬ್ಬಿಯಲ್ಲಿ ಸ್ವಲ್ಪ ಉಳಿದಿತ್ತು. ಮುಂದಿನ ಟ್ರಿಪ್ಪಿಗೆ ಇಡೋಣ ಅಂತ ಇಬ್ಬರು ಅಂದರು. ನಾನು ಬೇಡ ಅಂದೆ, ಮುಂದಿನ ಸಲ ಯಾರು ಬರುತ್ತಾರೋ ಬಿಡುತ್ತಾರೋ. ಐದು ಭಾಗ ಮಾಡಿ ಅಲ್ಲೇ ವಾಪಸ್ ಕಳಿಸಿದೆವು.