ಹಳದಿ ಬಣ್ಣ ನನ್ನನ್ನು ಏಮಾರಿಸಿದ ಕಥೆ

ಮಿದುಳನ್ನು ಕಾಪಾಡುತ್ತವೆ ಎನ್ನುವ ಆಹಾರದ ಅಂಶಗಳನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಶುರು ಮಾಡಿದ್ದು ಕರ್ಕ್ಯುಮಿನ್‌ನಿಂದ. ಅರಿಶಿನಕ್ಕೆ ಬಣ್ಣ ಕೊಡುವುದು ಅದೇ. ಆ ಬಣ್ಣವೇ ಆರು ತಿಂಗಳು ನನ್ನನ್ನು ಏಮಾರಿಸಿತು.

ಅಲ್ಜೈಮರ್ ಕಾಯಿಲೆಯಲ್ಲಿ ಬೀಟಾ ಅಮೈಲಾಯ್ಡ್ ಎಂಬ ಪ್ರೋಟೀನ್ ತುಣುಕುಗಳು ಒಂದಕ್ಕೊಂದು ಅಂಟಿ ಎಳೆಗಳಾಗುತ್ತವೆ. ಎಳೆ ಎಷ್ಟಾಯ್ತು ಅಂತ ಅಳೆಯಲು ಥಯೋಫ್ಲೇವಿನ್ ಟಿ ಎಂಬ ಬಣ್ಣ ಹಾಕುತ್ತೇವೆ. ಎಳೆಗೆ ಅಂಟಿದರೆ ಅದು ಜೋರಾಗಿ ಹೊಳೆಯುತ್ತದೆ. ನಾನು ಕರ್ಕ್ಯುಮಿನ್ ಬೆರೆಸಿದ ವೆಲ್‌ಗಳಲ್ಲಿ, ಅಂದರೆ ಪರೀಕ್ಷೆಯ ಪ್ಲೇಟಿನ ಪುಟ್ಟ ಗುಳಿಗಳಲ್ಲಿ, ಹೊಳಪು ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಮೂರು ಸಲ ಮಾಡಿದೆ, ಮೂರೂ ಸಲ ಹಾಗೇ. ಖುಷಿಯಿಂದ ಗ್ರಾಫ್ ಹಿಡಿದು ನಮ್ಮ ಮೇಡಂ ಹತ್ತಿರ ಹೋದೆ. ಅವರು ಕೇಳಿದ್ದು ಒಂದೇ ಮಾತು: “ಆಗಲೇ ಪೂರ್ತಿ ಬೆಳೆದ ಎಳೆಗಳಿಗೆ, ರೀಡಿಂಗ್ ತೆಗೆಯೋ ಹೊತ್ತಿಗೆ ಇದನ್ನ ಹಾಕಿ ನೋಡಿದ್ದೀರಾ?”

ನೋಡಿರಲಿಲ್ಲ. ಮರುದಿನ ಹಾಕಿದೆ. ಪಿಪೆಟ್ ಕೆಳಗಿಟ್ಟು ಪ್ಲೇಟನ್ನು ಮೆಷಿನ್ ಒಳಗೆ ತಳ್ಳುವಷ್ಟರಲ್ಲಿ ಹೊಳಪು ಬಿದ್ದುಹೋಗಿತ್ತು. ಥಯೋಫ್ಲೇವಿನ್ ಹೊಳೆಯಬೇಕಾದರೆ 440 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕು ಬೇಕು. ಕರ್ಕ್ಯುಮಿನ್ ಹಳದಿ ಕಾಣುವುದೇ ಆ ಬೆಳಕನ್ನು ನುಂಗುವುದರಿಂದ! ಎಳೆಗಳೆಲ್ಲ ಇದ್ದಲ್ಲೇ ಇದ್ದವು, ಬೆಳಕು ಮಾತ್ರ ಅವನ್ನು ಮುಟ್ಟುತ್ತಿರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಸೀರಮ್ (ರಕ್ತದ ತಿಳಿಭಾಗ) ಇಲ್ಲದ ಬಫರ್ ದ್ರಾವಣದಲ್ಲಿ, 37 ಡಿಗ್ರಿಯಲ್ಲಿ, ಕರ್ಕ್ಯುಮಿನ್ ಅರ್ಧ ಗಂಟೆಯೊಳಗೆ ಬಹುಪಾಲು ಒಡೆದುಹೋಗುತ್ತದೆ. ನಾನು ಬೆಳಗ್ಗೆ ಬೆರೆಸಿಟ್ಟು, ಊಟ ಮುಗಿಸಿ ಬಂದು ಕೋಶಗಳಿಗೆ ಹಾಕುತ್ತಿದ್ದೆ. ಟ್ಯೂಬಿನ ಹಳದಿ ಪೇಲವ ಆಗಿದ್ದು ಕಣ್ಣಿಗೆ ಬಿದ್ದಿತ್ತು, ಬೆಳಕಿನ ಭ್ರಮೆ ಅಂದುಕೊಂಡು ಸುಮ್ನಿದ್ದೆ. ಈಗ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ ಫ್ರೀಜರ್‌ನಲ್ಲಿಟ್ಟು, ಹಾಕುವ ಕ್ಷಣದಲ್ಲೇ ಬೆರೆಸುತ್ತೇನೆ.

ಕೋಶಗಳು ಬದುಕಿವೆಯೇ ಎಂದು ನೋಡುವ ಎಂಟಿಟಿ ಪರೀಕ್ಷೆಯದೂ ಇದೇ ಪಾಡು. ಜೀವಂತ ಕೋಶ ಎಂಟಿಟಿ ಎಂಬ ಹಳದಿ ಬಣ್ಣವನ್ನು ನೇರಳೆ ಮಾಡುತ್ತದೆ. ಆದರೆ ಸಸ್ಯಗಳಲ್ಲಿರುವ ಪಾಲಿಫಿನಾಲ್ ಎಂಬ ರಾಸಾಯನಿಕಗಳಲ್ಲಿ ಎಷ್ಟೋ ಕೋಶದ ಹಂಗಿಲ್ಲದೆ ತಾವೇ ನೇರಳೆ ಮಾಡಿಬಿಡುತ್ತವೆ. ಒಂದೂ ಕೋಶ ಇಲ್ಲದ ವೆಲ್ “ಆರೋಗ್ಯವಾಗಿದೆ” ಅಂತ ಮೆಷಿನ್ ಹೇಳಿದ ದಿನ ನಗು ಬಂತು, ಹೊಟ್ಟೆಯೂ ಉರಿಯಿತು.

ಕೊನೆಗೆ ಹೊಳಪು ಬಿಟ್ಟು ಎಳೆಗಳನ್ನೇ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದೆ. ಕರ್ಕ್ಯುಮಿನ್ ಜೊತೆ ಬೆಳೆದವು ನಿಜಕ್ಕೂ ಕಡಿಮೆ ಇದ್ದವು. ಗ್ರಾಫ್ ಹೇಳಿದಷ್ಟು ಅಲ್ಲ. ಅದೂ ನಾನು ಹಾಕಿದ್ದು 10 ಮೈಕ್ರೋಮೋಲಾರ್ ಸಾಂದ್ರತೆಯಲ್ಲಿ. ಗ್ರಾಂಗಟ್ಟಲೆ ನುಂಗಿದರೂ ರಕ್ತಕ್ಕೆ ಸೇರುವುದು ಅದರ ಚೂರುಪಾರು.

“ಯಾವ ಮಾತ್ರೆ ತಗೋಬೇಕು?” ಅಂತ ಕೇಳುವವರಿಗೆ ಗಿಂಕೊ ಎಂಬ ಮರದ ಎಲೆಯ ಸಾರದ ಕಥೆ ಹೇಳುತ್ತೇನೆ. 2008ರಲ್ಲಿ ಫಲಿತಾಂಶ ಬಂದ ಆ ಅಧ್ಯಯನದಲ್ಲಿ 3,069 ಹಿರಿಯರಿದ್ದರು. ಒಂದು ಗುಂಪಿಗೆ ದಿನಕ್ಕೆರಡು ಸಲ 120 ಮಿಲಿಗ್ರಾಂ, ಇನ್ನೊಂದಕ್ಕೆ ಬರೀ ಹುಸಿ ಮಾತ್ರೆ. ಸುಮಾರು ಆರು ವರ್ಷ ಕಾದರು. ಡಿಮೆನ್ಶಿಯಾ ತಗ್ಗಲಿಲ್ಲ.

ಈಗ ಮೇಜಿನ ಮೇಲಿರುವುದು ಗ್ರೀನ್ ಟೀಯಲ್ಲಿರುವ ಇಜಿಸಿಜಿ ಎಂಬ ಪಾಲಿಫಿನಾಲ್. ಇದರ ಚೇಷ್ಟೆಯೇ ಬೇರೆ: ಕೋಶ ಬೆಳೆಸುವ ದ್ರಾವಣದಲ್ಲಿ ತಾನೇ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಕೋಶಕ್ಕೆ ಏನಾದರೂ ಆದರೆ ಅದು ಇದರ ಕೆಲಸವೋ ಪೆರಾಕ್ಸೈಡ್‌ನದೋ ಗೊತ್ತಾಗುವುದಿಲ್ಲ. ಹಾಗಾಗಿ ಪ್ಲೇಟಿನ ಮೊದಲ ಸಾಲು ಕೋಶವಿಲ್ಲದ ವೆಲ್‌ಗಳಿಗೆ, ಎರಡನೆಯದು ಪೆರಾಕ್ಸೈಡ್ ಒಡೆಯುವ ಕೆಟಲೇಸ್ ಹಾಕಿದವಕ್ಕೆ.