ಗಂಟೆಗೆ ಎಷ್ಟು ಬೀಳ್ತದೆ?

ಉಡುಪಿಯಲ್ಲಿ ಕೂತು ಉಲ್ಲನ್ ಹೆಣೆಯುತ್ತೇನೆ ಅಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಫ್ಯಾನ್ ನೋಡುತ್ತಾರೆ. ಅವರದ್ದು ತಪ್ಪಲ್ಲ. ನಾನು ಮಾರಾಟಕ್ಕೆ ಅಂತ ಮೊದಲು ಹೆಣೆದದ್ದು 14 ಮಫ್ಲರ್. ಅದೂ ಮಾರ್ಚ್ ತಿಂಗಳಲ್ಲಿ. ಪಕ್ಕದ ಮನೆಯವರು ಒಂದನ್ನು ಕುತ್ತಿಗೆಗೆ ಹಾಕಿ ನೋಡಿ, ಅರ್ಧ ನಿಮಿಷಕ್ಕೆ ತೆಗೆದು, "ಚೆಂದ ಉಂಟು ಮಾರಾಯ್ತಿ, ಆದ್ರೆ ಈ ಸೆಕೆಗೆ ಯಾರು ಹಾಕ್ತಾರೆ?" ಅಂದರು. ಆ ವರ್ಷ ಮಳೆಗಾಲ ಮುಗಿಯುವವರೆಗೆ ಮಾರಿದ್ದು ಮೂರು. ಅದರಲ್ಲಿ ಒಂದನ್ನು ತೆಗೆದುಕೊಂಡವರು ನನ್ನ ಅತ್ತೆ.

ಹೆಣಿಗೆ ಕಲಿಸಿದ್ದು ಅಮ್ಮ. ಅವರು ಕಲಿತದ್ದು ಮಂಗಳೂರಿನ ಒಂದು ಕಾನ್ವೆಂಟ್ ಶಾಲೆಯ ಹೊಲಿಗೆ ಪೀರಿಯಡ್ಡಿನಲ್ಲಿ. ಸೀದಾ ಒಂದು, ಉಲ್ಟಾ ಒಂದು, ಅಷ್ಟು ಗೊತ್ತಿದ್ದರೆ ಪ್ರಪಂಚ ಹೆಣೆಯಬಹುದು ಅನ್ನುತ್ತಿದ್ದರು. ಹೆಣೆಯಬಹುದು, ನಿಜ. ಮಾರುವುದು ಹೇಗೆ ಅಂತ ಅವರಿಗೂ ಗೊತ್ತಿರಲಿಲ್ಲ.

ಉಳಿದ 11 ಮಫ್ಲರ್‌ಗಳಿಗೆ ದಾರಿ ತೋರಿಸಿದ್ದು ಮಣಿಪಾಲ. ಡಿಸೆಂಬರ್‌ನಲ್ಲಿ ಅಲ್ಲಿನ ಕಾಲೇಜುಗಳಲ್ಲಿ ಓದುವ ಉತ್ತರದ ಕಡೆಯ ಹುಡುಗ ಹುಡುಗಿಯರು ರಜೆಗೆ ಊರಿಗೆ ಹೊರಡುತ್ತಾರೆ. ಇಲ್ಲಿ ಬೆವರು ಒರೆಸಿಕೊಂಡು ರೈಲು ಹತ್ತಿದವರು ದೆಹಲಿಯಲ್ಲಿ ನಡುಗುತ್ತಾ ಇಳಿಯಬೇಕು. ಪರಿಚಯದ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಾಲ್ಕು ಮಫ್ಲರ್ ನೇತು ಹಾಕಿಸಿದೆ. ವಾರದಲ್ಲಿ ಹೋದವು. ಹೊರದೇಶದಲ್ಲಿರುವ ಮಗಳ ಬಾಣಂತನಕ್ಕೆ ಹೊರಟ ಅಮ್ಮಂದಿರೂ ಬಂದರು. ಅವರಿಗೆ ಟೊಪ್ಪಿ, ಸಾಕ್ಸ್, ಶಾಲು ಎಲ್ಲ ಬೇಕು, ಆದರೆ ವಿಮಾನ ಹತ್ತುವ ನಾಲ್ಕು ದಿನ ಮೊದಲು ಬೇಕು.

ಆದರೂ ಅದು ವರ್ಷಕ್ಕೆ ಎರಡು ತಿಂಗಳ ವ್ಯಾಪಾರ. ವರ್ಷವಿಡೀ ಹುಟ್ಟುವುದು ಮಕ್ಕಳು. ನಮ್ಮ ಕಡೆ ಎಷ್ಟೇ ಸೆಕೆ ಇರಲಿ, ಎಣ್ಣೆ ಸ್ನಾನ ಮಾಡಿಸಿ, ಸಾಂಬ್ರಾಣಿ ಹೊಗೆ ತೋರಿಸಿದ ಮೇಲೆ ಮಗುವಿನ ತಲೆಗೆ ಟೊಪ್ಪಿ ಹಾಕದೆ ಅಜ್ಜಿಯಂದಿರು ಬಿಡುವುದಿಲ್ಲ. ಹಾಗಾಗಿ ಉಲ್ಲನ್ ಬಿಟ್ಟು ಹತ್ತಿ ನೂಲು ಹಿಡಿದೆ. ಅಂಗಡಿಯವರು ಉಲ್ಲನ್ ಅಂತ ಕೊಡುವುದು ಹೆಚ್ಚಾಗಿ ಅಕ್ರಿಲಿಕ್ ತಾನೇ, ಅದು ಮಗುವಿನ ಬೆವರನ್ನು ಹೀರುವುದಿಲ್ಲ. ಹತ್ತಿ ಹೀರುತ್ತದೆ.

ಹತ್ತಿಯದ್ದು ಬೇರೆಯೇ ಬುದ್ಧಿ. ಅಕ್ರಿಲಿಕ್ ಎಳೆದರೆ ವಾಪಸ್ ಬರುತ್ತದೆ, ಹತ್ತಿ ಬರುವುದಿಲ್ಲ. ಅಮ್ಮನ ಲೆಕ್ಕದಲ್ಲೇ, 10 ನಂಬರಿನ ಕಡ್ಡಿಯಲ್ಲಿ ಮೊದಲ ಹತ್ತಿ ಟೊಪ್ಪಿ ಹೆಣೆದೆ. ಅಂಚಿನ ಪಟ್ಟಿ ಎರಡು ಸಲ ಹಾಕಿ ತೆಗೆಯುವಷ್ಟರಲ್ಲಿ ಸಡಿಲಾಗಿ ಟೊಪ್ಪಿ ಮಗುವಿನ ಮೂಗಿನವರೆಗೆ ಇಳಿದಿತ್ತು. ಆಮೇಲೆ ಅಂಚಿಗೆ ಮಾತ್ರ 12 ನಂಬರ್ ಕಡ್ಡಿ ಹಿಡಿದು, ಎಂಟು ಕುಣಿಕೆ ಕಡಿಮೆ ಹಾಕಿದೆ. ಈಗ ನಿಲ್ಲುತ್ತದೆ. ನಮ್ಮಲ್ಲಿ ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ ಅನ್ನುವುದು ಹೊಸಬರಿಗೆ ತಲೆಕೆಳಗಾಗಿ ಕಾಣುತ್ತದೆ. 10 ಅಂದರೆ 3.25 ಮಿಲಿಮೀಟರ್, 12 ಅಂದರೆ 2.75. ಇನ್ನೊಂದು, ಅಲ್ಯೂಮಿನಿಯಂ ಕಡ್ಡಿ ಏಪ್ರಿಲ್, ಮೇ ತಿಂಗಳಲ್ಲಿ ಬೆವರಿದ ಕೈಯಲ್ಲಿ ನೂಲನ್ನು ಸರಾಗ ಬಿಡುವುದಿಲ್ಲ. ಬಿದಿರಿನ ಕಡ್ಡಿ ಆಗ ಒಳ್ಳೆಯದು. ಎರಡೂ ಇಟ್ಟುಕೊಂಡಿದ್ದೇನೆ.

ಮಗುವಿನ ಬೂಟಿ, ಅಂದರೆ ಕಾಲಿಗೆ ಹಾಕುವ ಹೆಣೆದ ಚೀಲ, ಅದರ ವಿಷಯದಲ್ಲಿ ಒಂದು ಮಾತು. ಶುರುವಿನಲ್ಲಿ ಎರಡು ಬಣ್ಣದ ಬೂಟಿ ಮಾಡುತ್ತಿದ್ದೆ. ಒಂದು ಬಣ್ಣ ಬಿಟ್ಟು ಇನ್ನೊಂದು ಹಿಡಿದಾಗ ಬಿಟ್ಟ ದಾರ ಒಳಗಡೆ ಅಡ್ಡ ಓಡುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಗಿರಾಕಿಯೊಬ್ಬರ ತಾಯಿ ನಿವೃತ್ತ ನರ್ಸ್. ಅವರು ಬೂಟಿಯನ್ನು ಕೈಗೆ ತೆಗೆದುಕೊಂಡವರೇ ಒಳಗೆ ಕಿರುಬೆರಳು ಹಾಕಿ ತಿರುಗಿಸಿದರು. ಒಂದು ದಾರ ಬೆರಳಿಗೆ ಸಿಕ್ಕಿ ಸುತ್ತಿಕೊಂಡಿತು. "ಇದು ಮಗುವಿನ ಕಾಲ್ಬೆರಳಾದ್ರೆ? ರಕ್ತ ನಿಲ್ತದೆ. ಮಗು ಅಳ್ತದೆ, ಹೊಟ್ಟೆನೋವು ಅಂತ ನಾವು ಹಿಂಗು ಹಚ್ತೇವೆ" ಅಂದರು. ನನಗೆ ಕೈ ತಣ್ಣಗಾಯಿತು. ಅವತ್ತು ಮನೆಯಲ್ಲಿ ತಯಾರಿದ್ದ ಒಂಬತ್ತು ಜೊತೆಯನ್ನೂ ಬಿಚ್ಚಿ ಉಂಡೆ ಸುತ್ತಿದೆ. ಈಗ ಬೂಟಿ ಒಂದೇ ಬಣ್ಣ. ಹೂವು ಗೀವು ಬೇಕಾದರೆ ಹೊರಗಿನಿಂದ ಹೊಲಿಯುತ್ತೇನೆ. ಮಣಿ ಹಾಕುವುದಿಲ್ಲ. ಪ್ರತಿ ಬೂಟಿಯೊಳಗೂ ಕಿರುಬೆರಳು ಹಾಕಿ ತಿರುಗಿಸಿಯೇ ಕವರಿಗೆ ಹಾಕುವುದು.

ಹೀಗೆ ಎರಡು ವರ್ಷ ನಡೆಯಿತು. ಆರ್ಡರ್ ಬರುತ್ತಿತ್ತು, ದುಡ್ಡು ಕಾಣುತ್ತಿರಲಿಲ್ಲ. ಯಾಕೆ ಅಂತ ನಾನು ಕೇಳಿಕೊಳ್ಳಲೂ ಇಲ್ಲ. ಕೇಳಿದ್ದು ಹಿಂದಿನ ಮನೆಯ ಅಕ್ಕ.

ಅಕ್ಕ ಬೀಡಿ ಕಟ್ಟುವವರು. ಮದುವೆಗೆ ಮೊದಲೇ ಶುರು ಮಾಡಿದ್ದು, ಈಗ ಮೂವತ್ತು ವರ್ಷ ದಾಟಿದೆ. ಮಧ್ಯಾಹ್ನ ಎಲೆ, ಹೊಗೆಸೊಪ್ಪು ಇಟ್ಟ ತಡಪೆ, ಅಂದರೆ ಮೊರ, ಹಿಡಿದು ನಮ್ಮ ಜಗಲಿಗೆ ಬರುತ್ತಿದ್ದರು. ಅವರು ಎಲೆ ಸುರುಳಿ ಸುತ್ತುವುದು, ನಾನು ನೂಲು ಸುತ್ತುವುದು, ನಡುವೆ ಊರಿನ ಸುದ್ದಿ. ಒಂದು ದಿನ ನಾನು ಟೊಪ್ಪಿ, ಬೂಟಿ, ಕೋಟು ಮೂರೂ ಇರುವ ಒಂದು ಸೆಟ್ ಮುಗಿಸಿ, 450 ರೂಪಾಯಿಗೆ ಕೊಡುತ್ತೇನೆ ಅಂದೆ. ಅಕ್ಕ ಕೈ ನಿಲ್ಲಿಸದೆ ಕೇಳಿದರು.

"ಗಂಟೆಗೆ ಎಷ್ಟು ಬೀಳ್ತದೆ?"

"ಗಂಟೆ ಲೆಕ್ಕ ಎಂತ ಅಕ್ಕ, ಟಿವಿ ನೋಡ್ತಾ ಹೆಣೆಯುವುದಲ್ವಾ?"

"ನಾನೂ ಟಿವಿ ನೋಡ್ತಾ ಕಟ್ಟುವುದು. ಅದಕ್ಕೆ ಬೀಡಿ ಬ್ರಾಂಚಿನವರು ದುಡ್ಡು ಕಟ್ ಮಾಡ್ತಾರಾ?"

ಉತ್ತರ ಇರಲಿಲ್ಲ. ಮುಂದಿನ ಸೆಟ್ಟಿಗೆ ಗೋಡೆ ಗಡಿಯಾರ ನೋಡಿ ಕ್ಯಾಲೆಂಡರಿನ ಮೂಲೆಯಲ್ಲಿ ಬರೆಯುತ್ತಾ ಹೋದೆ. 19 ಗಂಟೆ. ನೂಲು, ಗುಂಡಿ, ಕವರು ಸೇರಿ 160 ರೂಪಾಯಿ. ಉಳಿದದ್ದು 290. ಭಾಗಿಸಿದರೆ ಗಂಟೆಗೆ 15 ರೂಪಾಯಿ ಚಿಲ್ಲರೆ. ಅಕ್ಕನಿಗೆ ತೋರಿಸಿದೆ. ನಕ್ಕರು. "ಬೀಡಿಯೇ ವಾಸಿ. ಬಾ, ನಿನಗೂ ಒಂದು ತಡಪೆ ಕೊಡ್ತೇನೆ" ಅಂದರು.

ಅವತ್ತಿನಿಂದ ಪುಸ್ತಕ ಇಟ್ಟೆ. ಹೆಣೆಯಲು ಕೂತ ಹೊತ್ತು, ಎದ್ದ ಹೊತ್ತು, ಅಷ್ಟೇ. ಮೂರು ತಿಂಗಳಲ್ಲಿ ವಿಷಯ ತಿಳಿಯಿತು. ಮುಳುಗಿಸುತ್ತಿದ್ದದ್ದು ಕೋಟು. 19ರಲ್ಲಿ 14 ಗಂಟೆ ಅದಕ್ಕೇ ಹೋಗುತ್ತಿತ್ತು, ತೋಳು ಜೋಡಿಸುವುದೇ ಒಂದು ದಿನದ ಕೆಲಸ. ಟೊಪ್ಪಿ, ಬೂಟಿ ಮಾತ್ರ ಆದರೆ ಐದು ಗಂಟೆ, ಖರ್ಚು 60. ಅದನ್ನು 420 ರೂಪಾಯಿ ಮಾಡಿದೆ. ಗಂಟೆಗೆ 72 ಬಿತ್ತು. ಕೋಟು ಬೇಕೆಂದವರಿಗೆ ಅದೊಂದಕ್ಕೇ 1,250 ಅಂದೆ. ಮುಕ್ಕಾಲು ಪಾಲು ಜನ "ಆಮೇಲೆ ಹೇಳ್ತೇನೆ" ಅಂದು ಹೋದರು. ಹೋಗಲಿ. "ಉಲ್ಲನ್ನಿಗೆ ಅಷ್ಟೆಲ್ಲ ಆಗ್ತದಾ ಅಕ್ಕ, ಅಂಗಡಿಯಲ್ಲಿ ಇನ್ನೂರಕ್ಕೆ ಸಿಗ್ತದಲ್ಲ" ಅನ್ನುವವರ ಹತ್ತಿರ ಈಗ ವಾದ ಮಾಡುವುದಿಲ್ಲ. ಅಂಗಡಿಯದ್ದು ಮೆಷಿನ್ನಿನದ್ದು, ಅದೂ ಚೆನ್ನಾಗಿಯೇ ಇರುತ್ತದೆ, ಅದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಕೆಲವರು ನಿಜವಾಗಿಯೂ ತೆಗೆದುಕೊಳ್ಳುತ್ತಾರೆ.

ಕೈ ಹಿಡಿದದ್ದು ಕೃಷ್ಣ. ದೇವರ ಮಾತಲ್ಲ, ಮುದ್ದುಕೃಷ್ಣ ಸ್ಪರ್ಧೆ. ಅಷ್ಟಮಿ ಹತ್ತಿರ ಬಂದರೆ ನಮ್ಮ ಕಡೆ ಸಂಘ, ಶಾಲೆ, ಬಡಾವಣೆ ಎಲ್ಲ ಕಡೆ ಸ್ಪರ್ಧೆ. ಎಂಟು ತಿಂಗಳ ಮಗುವಿಗೆ ಬಾಡಿಗೆಯ ಜರಿ ಬಟ್ಟೆ ತೊಡಿಸಿದರೆ ಅದು ಚುಚ್ಚಿ ಮಗು ವೇದಿಕೆಯ ಮೇಲೆ ಕಿರುಚುತ್ತದೆ. ಕೊಕ್ಕೆ ಕಡ್ಡಿಯಲ್ಲಿ ಹೆಣೆಯುವ ಕ್ರೋಶಾದಲ್ಲಿ ಹತ್ತಿ ನೂಲಿನ ಕಿರೀಟ, ಹಳದಿ ಕಚ್ಚೆ, ಸೊಂಟಪಟ್ಟಿ ಮಾಡಿಕೊಟ್ಟೆ. ಮೊದಲ ಕಚ್ಚೆ ಚೆಂದವಾಗಿಯೇ ಬಂದಿತ್ತು, ಡೈಪರ್ ಬದಲಿಸುವುದು ಹೇಗೆ ಅಂತ ಮಾತ್ರ ನಾನು ಯೋಚಿಸಿರಲಿಲ್ಲ. ಸ್ಪರ್ಧೆಯ ದಿನ ಆ ತಾಯಿ ಫೋನ್ ಮಾಡಿ ಬೈದದ್ದು ಈಗಲೂ ಕಿವಿಯಲ್ಲಿದೆ. ಈಗ ಎರಡೂ ಬದಿಗೆ ಟಿಚ್ ಬಟನ್.

ಕಿರೀಟಕ್ಕಿಂತ ಕಷ್ಟ ನವಿಲುಗರಿ. ನಿಜವಾದ ಗರಿ ಸಿಕ್ಕಿಸಿದರೆ ಮಗು ಬಾಯಿಗೆ ಹಾಕುತ್ತದೆ. ಹಾಗಾಗಿ ಗರಿಯನ್ನೂ ಹೆಣೆಯುವುದು. ನಡುವೆ ಕಡುನೀಲಿ, ಮೊದಲ ಸುತ್ತು 6 ಕುಣಿಕೆ. ಎರಡನೆಯದು ತಿಳಿನೀಲಿ, 12. ಮೂರನೆಯದು ತಾಮ್ರದ ಬಣ್ಣ, 18. ನಾಲ್ಕನೆಯದು ಹಸಿರು, 24. ಪ್ರತಿ ಸುತ್ತಿನಲ್ಲೂ ಆರು ಹೆಚ್ಚಿದರೆ ಬಿಲ್ಲೆ ಚಪ್ಪಟೆ ಬರುತ್ತದೆ. ಕಡಿಮೆಯಾದರೆ ಬಟ್ಟಲಾಗುತ್ತದೆ, ಜಾಸ್ತಿಯಾದರೆ ಅಂಚು ನೆರಿಗೆಯಾಗುತ್ತದೆ. ಗರಿ ನೆಟ್ಟಗೆ ನಿಲ್ಲಲು ಮೊದಲು ತಂತಿ ಇಟ್ಟಿದ್ದೆ, ಅದು ಬೇಡ ಅಂತ ನನಗೇ ಹೆದರಿಕೆಯಾಗಿ ಬಿಟ್ಟೆ. ಈಗ ಹಿಂದುಗಡೆ ಒಂದು ದಪ್ಪ ಹಸಿರು ಬಿಲ್ಲೆ ಜೋಡಿಸಿ ಹೊಲಿಯುತ್ತೇನೆ. ಒಂದು ಕೃಷ್ಣ ಸೆಟ್ ಎಂಟು ಗಂಟೆ, ಸಾಮಾನು 180, ಬೆಲೆ 950. ಗಂಟೆಗೆ 96. ಈ ಲೆಕ್ಕ ಕೇಳಿದ ದಿನ ಅಕ್ಕ ಮೊದಲ ಸಲ ತಡಪೆ ಕೆಳಗಿಟ್ಟು ಕ್ರೋಶಾ ಕಡ್ಡಿ ಕೈಗೆ ತೆಗೆದುಕೊಂಡದ್ದು.

ಇದರಲ್ಲಿ ಉಡುಪಿಯವರಿಗೆ ಇನ್ನೊಂದು ಅನುಕೂಲ. ಕೃಷ್ಣಮಠದಲ್ಲಿ ಅಷ್ಟಮಿ ಸೌರಮಾನದ ಲೆಕ್ಕದಲ್ಲಿ, ಸೂರ್ಯ ಸಿಂಹರಾಶಿಯಲ್ಲಿರುವ ಸಿಂಹಮಾಸದಲ್ಲಿ. ಕೆಲವು ವರ್ಷ ಬೇರೆ ಊರಿಗೂ ನಮಗೂ ಒಂದು ತಿಂಗಳು ಅಂತರ. 2025ರಲ್ಲಿ ಬೆಂಗಳೂರಿನವರಿಗೆ ಆಗಸ್ಟ್ 16, ನಮ್ಮಲ್ಲಿ ಸೆಪ್ಟೆಂಬರ್ 14, ಮರುದಿನ ಮೊಸರುಕುಡಿಕೆಯ ವಿಟ್ಲಪಿಂಡಿ. ಬೆಂಗಳೂರು, ಮುಂಬೈಯ ಆರ್ಡರ್ ಮುಗಿಸಿ ಒಂದು ವಾರ ಬೆನ್ನು ನೆಟ್ಟಗೆ ಮಾಡಿ ಮತ್ತೆ ಊರಿನದ್ದು ಶುರು ಮಾಡಿದೆ. ಎರಡೂ ಒಟ್ಟಿಗೆ ಬರುವ ವರ್ಷ ಮನೆಯಲ್ಲಿ ಅಡುಗೆ ಇಲ್ಲ, ಗಂಜಿ ಉಪ್ಪಿನಕಾಯಿ ಮಾತ್ರ. ಜುಲೈ 15ರ ನಂತರ ಆಗಸ್ಟಿನ ಆರ್ಡರ್ ಹಿಡಿಯುವುದಿಲ್ಲ, ಅರ್ಧ ದುಡ್ಡು ಮುಂಗಡ ಬಾರದೆ ನೂಲು ಮುಟ್ಟುವುದಿಲ್ಲ. ಹತ್ತಿರದ ನೆಂಟರಿಗೂ ಅದೇ. ಇದಕ್ಕೆ ಒಂದಿಬ್ಬರು ಮುನಿಸಿಕೊಂಡಿದ್ದಾರೆ.

ನಷ್ಟಗಳನ್ನೂ ಹೇಳಬೇಕು. ದೊಡ್ಡದು ಒಂದು ಶಾಲು. ಉಂಡೆಯ ಚೀಟಿಯ ಮೇಲೆ ಶೇಡ್ ನಂಬರ್ ಇರುತ್ತದೆ, ಪಕ್ಕದಲ್ಲಿ ಲಾಟ್ ನಂಬರ್ ಇರುತ್ತದೆ. ನಾನು ಶೇಡ್ ಮಾತ್ರ ನೋಡುತ್ತಿದ್ದೆ. ಮುಕ್ಕಾಲು ಶಾಲು ಆದಾಗ ನೂಲು ಮುಗಿಯಿತು, ಅದೇ ಶೇಡ್ ತಂದು ಮುಂದುವರಿಸಿದೆ. ಟ್ಯೂಬ್‌ಲೈಟಿನಲ್ಲಿ ಒಂದೇ ಬಣ್ಣ. ಬೆಳಿಗ್ಗೆ ಅಂಗಳಕ್ಕೆ ತಂದರೆ ಗೆರೆ ಎಳೆದ ಹಾಗೆ ಎರಡು ಬಣ್ಣ. ಬೇರೆ ಬೇರೆ ಸಲ ಬಣ್ಣದಲ್ಲಿ ಅದ್ದಿದ ನೂಲು ಅದು. ಆ ಶಾಲು ಈಗ ನಮ್ಮ ಸೋಫಾದ ಮೇಲಿದೆ. ಈಗ ಒಂದು ಆರ್ಡರಿಗೆ ಬೇಕಾದದ್ದಕ್ಕಿಂತ ಒಂದು ಉಂಡೆ ಜಾಸ್ತಿ, ಒಂದೇ ಲಾಟಿನದ್ದು ತರುತ್ತೇನೆ. ಉಳಿದರೆ ನವಿಲುಗರಿಗೆ ಆಯಿತು. ಇನ್ನೊಂದು ಸಲ ಅಕ್ರಿಲಿಕ್ ಟೊಪ್ಪಿಗೆ ಬಿಸಿ ಇಸ್ತ್ರಿ ಒತ್ತಿದೆ. ಸ್ವಲ್ಪವೂ ಪುಟಿಯದೆ ಹಪ್ಪಳದ ಹಾಗೆ ಮಲಗಿತು. ಅದು ಮತ್ತೆ ಏಳುವುದಿಲ್ಲ.

ಮಳೆಗಾಲದ ಕಥೆ ಬೇರೆ. ಜುಲೈಯಲ್ಲಿ ತೊಳೆದು, ಟವೆಲಿನ ಮೇಲೆ ಹರವಿ, ಫ್ಯಾನ್ ಹಾಕಿದರೂ ಹತ್ತಿ ಒಣಗಲು ಮೂರು ದಿನ ಬೇಕು. ಒಣಗಿತು ಅಂತ ಪ್ಲಾಸ್ಟಿಕ್ ಕವರಿಗೆ ತುಂಬಿದರೆ ಗಿರಾಕಿಗೆ ಮುಟ್ಟುವಾಗ ಮುಗ್ಗುಲು ವಾಸನೆ. ಒಮ್ಮೆ ಹಾಗೆ ಆಗಿ ಪೂರ್ತಿ ದುಡ್ಡು ವಾಪಸ್ ಕೊಟ್ಟೆ. ಈಗ ಮಳೆಗಾಲಕ್ಕೆ ಬೇಕಾದ ಟೊಪ್ಪಿ ಬೂಟಿಗಳನ್ನು ಮೇ ತಿಂಗಳಲ್ಲೇ ಹೆಣೆದು, ಬಿಸಿಲಿನ ಕಾವಿಗೆ ಇಟ್ಟು, ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕುತ್ತೇನೆ. ಡಬ್ಬಿಯೊಳಗೆ ಔಷಧಿ ಬಾಟಲಿಗಳಲ್ಲಿ ಬರುವ ಸಿಲಿಕಾ ಪೊಟ್ಟಣ. ಇಡೀ ಬೀದಿಯವರು ಅದನ್ನು ನನಗಾಗಿ ತೆಗೆದಿಡುತ್ತಾರೆ.

ಕಾಗದಪತ್ರ ಜಾಸ್ತಿ ಇಲ್ಲ. ಸಣ್ಣ ಉದ್ದಿಮೆಗಳಿಗಿರುವ ಸರ್ಕಾರದ ಉದ್ಯಮ್ ನೋಂದಣಿ ಆಧಾರ್ ನಂಬರ್ ಇಟ್ಟುಕೊಂಡು ಆನ್‌ಲೈನ್‌ನಲ್ಲಿ ಮಾಡಿದೆ, ಅದಕ್ಕೆ ಸರ್ಕಾರ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಮಾಡಿಸಿಕೊಡುತ್ತೇನೆ ಅಂತ ಒಬ್ಬರು ಎರಡು ಸಾವಿರ ಕೇಳಿದ್ದರು. ಬಂದ ದುಡ್ಡಿನಲ್ಲಿ ದಿನಕ್ಕೆ ನೂರು ಪಿಗ್ಮಿಗೆ, ಅಂದರೆ ದಿನದಿನ ಸ್ವಲ್ಪ ಸ್ವಲ್ಪ ಕಟ್ಟುವ ಬ್ಯಾಂಕ್ ಉಳಿತಾಯಕ್ಕೆ. ಪಿಗ್ಮಿ ಹುಟ್ಟಿದ್ದು ನಮ್ಮ ಊರಲ್ಲೇ, ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ್ದು, ಆಗ ದಿನಕ್ಕೆ ಎರಡಾಣೆ. ಆ ಬ್ಯಾಂಕೇ 1925ರಲ್ಲಿ ಕಷ್ಟದಲ್ಲಿದ್ದ ನೇಕಾರರಿಗೆ ಕೈಸಾಲ ಸಿಗಲಿ ಅಂತ ಹುಟ್ಟಿದ್ದು. ಈಗ ಆ ಹೆಸರಿಲ್ಲ, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು. ನೂಲಿನ ದುಡ್ಡು ಪಿಗ್ಮಿಗೆ ಹೋಗುವುದು ನನಗೆ ಸುಮ್ನೆ ಒಂದು ಖುಷಿ.

ಅಕ್ಕ ಈಗ ನನ್ನ ಜೊತೆ ಮಾಡುತ್ತಾರೆ. ಮೂವತ್ತು ವರ್ಷ ಎಲೆ ಸುತ್ತಿದ ಬೆರಳು, ಕುಣಿಕೆ ಒಂದೇ ಅಳತೆಗೆ ಬೀಳುತ್ತದೆ, ನನ್ನದಕ್ಕಿಂತ ಬಿಗಿ. ಅದೇ ತೊಂದರೆಯೂ ಆಯಿತು. ಶುರುವಿನಲ್ಲಿ ಒಂದು ಬೂಟಿ ಅವರು, ಒಂದು ನಾನು ಮಾಡಿದೆವು. ಒಂದೇ ಜೊತೆಯಲ್ಲಿ ಎಡ ಸಣ್ಣ, ಬಲ ದೊಡ್ಡ. ಈಗ ಜೊತೆ ಅಂದರೆ ಪೂರ್ತಿ ಒಬ್ಬರದ್ದೇ. ಬಿಲ್ಲೆಗಳೆಲ್ಲ ಅವರದ್ದು, ಕಿರೀಟ ಜೋಡಿಸುವುದು ನನ್ನದು. ಗಂಟೆ ಲೆಕ್ಕ ಅವರ ಪುಸ್ತಕದಲ್ಲೂ ಉಂಟು, ಶನಿವಾರ ಎರಡೂ ಪುಸ್ತಕ ಪಕ್ಕ ಪಕ್ಕ ಇಟ್ಟು ನೋಡುತ್ತೇವೆ.

ಆದರೆ ಬೀಡಿ ಬಿಟ್ಟಿಲ್ಲ. ವಾರದಲ್ಲಿ ಮೂರು ದಿನ ತಡಪೆ ಹಿಡಿದೇ ಕೂರುತ್ತಾರೆ. ಹೋದ ತಿಂಗಳು ನಾನೇ ಕೇಳಿದೆ, "ಅಕ್ಕ, ಇದರಲ್ಲಿ ಗಂಟೆಗೆ ಜಾಸ್ತಿ ಬೀಳ್ತದಲ್ಲ, ಇನ್ನೂ ಯಾಕೆ ಆ ಹೊಗೆಸೊಪ್ಪಿನ ಧೂಳು?"

"ಬೀಡಿಯಲ್ಲಿ ಪಿಎಫ್ ಉಂಟು" ಅಂದರು. "ನೀನು ಕೊಡ್ತೀಯಾ ಪಿಎಫ್?"

ನಾನು ಬಿಲ್ಲೆ ಎಣಿಸಿದೆ. 24 ಇರಬೇಕಿತ್ತು, 23 ಇತ್ತು.